ಕುಬೇರಪ್ಪನ ಎಕ್ಕಾ

ಪಂಚಮಿಯ ಉಂಡಿಗೆ ಕೊಬ್ಬರಿ ತರಲು ಮಡಿವಾಳೆಪ್ಪನನ್ನು ಕಲಘಟಗಿಗೆ ಕಳಿಸಿದ್ದೇ ಎಲ್ಲಕ್ಕೂ ಮೂಲ. ಹೋದ ವರ್ಷ ಹೀಗೇ ಕಳಿಸಿದಾಗ ಬರಿಗೈಯಲ್ಲಿ ಬಂದಿದ್ದ. ಅದರ ಹಿಂದಿನ ವರ್ಷ ಬೆಲ್ಲ ದಾರಿಯಲ್ಲಿ ಕರಗಿತೆಂದಿದ್ದ.

"ಈ ಸಲ ನಿಮ್ಮ ತಂಗಿ ಅನ್ನವ್ವ ಬಂದಾಳ," ಎಂದು ಹೆಂಡತಿ ಶಿವಗಂಗವ್ವ ಹೊಸ್ತಿಲಲ್ಲಿ ನಿಂತು ಹೇಳಿದ್ದಳು. "ಎಷ್ಟು ವರ್ಷದ ಮ್ಯಾಲೆ ತವರಿಗೆ ಬಂದಾಳ. ಬುತ್ತಿಯೊಳಗ ಉಂಡಿ ಇಲ್ಲದ ಹೋದ್ರ ಅಕಿ ಅತ್ತಿ ಏನಂತಾಳ, ಸ್ವಲ್ಪ ವಿಚಾರ ಮಾಡ್ರಿ. ಗಾಣದ ಮನಿ ಕಡೆ ಮಾರಿ ಹಾಕಬ್ಯಾಡ್ರಿ."

ಅವನು ಹಾಕಲಿಲ್ಲ. ಕೊಬ್ಬರಿಯನ್ನು ಕೆಂಪಂಚಿನ ಟವೆಲ್ಲಿನಲ್ಲಿ ಕಟ್ಟಿಕೊಂಡು ಬರುವಾಗ ಮಳೆ ಹಿಡಿಯಿತು. ಓಡಿದ. ಎದುರಿಗೆ ಸಿಕ್ಕ ಮೊದಲ ಸೂರು ಗಾಣದ ಮನೆಯದಾಗಿತ್ತು.

ಎಣ್ಣೆಗಿರಣಿ ಬಂದ ಮೇಲೆ ಆ ಗಾಣ ತಿರುಗಿಲ್ಲ. ಅದು ಕುಬೇರಪ್ಪನದು. ಎರಡು ವರ್ಷದ ಹಿಂದೆ ಇದೇ ಪಂಚಮಿಯ ಇಸ್ಪೀಟಿನ ಆಟದಲ್ಲಿ, ಎಲೆ ತೋರಿಸುವ ಮೊದಲೇ, ಅವನು ಕೂತಲ್ಲೇ ತೀರಿಹೋದ. ಅವನ ಮುಖ ಬದುಕಿದ್ದಾಗಲೂ ಏನನ್ನೂ ಹೇಳುತ್ತಿರಲಿಲ್ಲವಾದ್ದರಿಂದ, ಸತ್ತದ್ದು ಗೊತ್ತಾಗಲು ಒಂದು ಆಟ ಹಿಡಿಯಿತು. ಬಲ ಮುಷ್ಟಿಯಲ್ಲಿದ್ದ ಇಸ್ಪೀಟ ಎಕ್ಕಾವನ್ನು ಆಟಗಾರರಲ್ಲಿ ಯಾರಿಂದಲೂ ಬಿಡಿಸಲಾಗಲಿಲ್ಲ. ಅದರೊಂದಿಗೇ ಅವನು ಮಣ್ಣು ಸೇರಿದನೆಂದು ಊರೆಲ್ಲ ಹೇಳಿತು. ಆ ಎಲೆ ಕುಬೇರಪ್ಪನದು, ಅವನ ಜಾಗಕ್ಕೆ ಬೇರೆ ಎಕ್ಕಾ ತರುವುದಿಲ್ಲವೆಂದು ಆಟಗಾರರು ಸಮಾಧಿಯ ಮುಂದೆ ಆಣೆ ಮಾಡಿದರು. ಅಂದಿನಿಂದ ಒಂದೆಲೆ ಕಡಿಮೆಯಲ್ಲೇ ಆಟ.

ಆ ಸಮಾಧಿ ಗಾಣದ ಮನೆಯ ಬಾಗಿಲಿಗೆ ನೇರವಾಗಿತ್ತು. ಅದಕ್ಕೆ ಬೆನ್ನು ಮಾಡಿ ದರ್ಜಿ ದಾವೂದಸಾಬ, ಮುದುಕ ಈರಪ್ಪ ಆಗಲೇ ಕೂತಿದ್ದರು. ಉಳಿದದ್ದು ಸಮಾಧಿ ಕಾಣುವ ಜಾಗವೊಂದೇ.

"ಬಾರಲೇ ಮಡಿವಾಳ, ನಿನ್ನ ಜಾಗ ಬೆಚ್ಚಗ ಐತಿ," ಎಂದ ದಾವೂದಸಾಬ. ಹಬ್ಬ ತನ್ನದಲ್ಲದಿದ್ದರೂ ಹಬ್ಬದ ಆಟ ತನ್ನದೇ ಎನ್ನುವವನು ಅವನು. ಗೋಡೆಯ ಮಾಡದಲ್ಲಿದ್ದ ಎಲೆಗಳ ಕಟ್ಟನ್ನು ಈಚೆ ತೆಗೆದ.

"ಮಳಿ ನಿಂದರೋತನಕ ಅಷ್ಟ," ಎಂದು ಮಡಿವಾಳೆಪ್ಪ ಕೂತ.

ಪಣ ಕೊಬ್ಬರಿ ಬಟ್ಟಲು. ಮೊದಲು ಎರಡೆಲೆ, ಪಣ ಏರಿಸಿದ ಮೇಲೆ ಮೂರನೆಯದು. ಇಸ್ಪೀಟ, ಬದಾಮ, ಚೌಕಟ, ಕಳಾವರ ಈ ನಾಲ್ಕರಲ್ಲಿ ಮೂರೂ ಒಂದೇ ಜಾತಿಯಾದರೆ ಕಲರ್. ಎಕ್ಕಾ ಇರುವ ಕಲರ್ ಬಿದ್ದರೆ ಉಳಿದವರು ಟೋಪಿ ಹಾಕಿಕೊಂಡು ಮನೆಗೆ ಹೋಗಬಹುದು.

ಕುಬೇರಪ್ಪ ಹಿಂದೊಮ್ಮೆ ಅವನಿಗೆ ಹೇಳಿಕೊಟ್ಟಿದ್ದ: "ಎಕ್ಕಾದ ಕೂಡ ಅದರ ಜಾತಿ ಎಲಿ ಬಂತಂದ್ರ ಕುಣೀಬ್ಯಾಡ. ಸಣ್ಣಗ ಹಚ್ಚು. ಮೂರನೇದು ಕೂಡಲಿಲ್ಲಂದ್ರ ಸುಮ್ಮನ ಕೆಳಗಿಡು. ಕೂಡಿತಂದ್ರ ಮಾರಿ ಸತ್ತಾಂಗ ಇಟ್ಟಕೊ."

ಮಡಿವಾಳೆಪ್ಪನಿಗೆ ಇವೆಲ್ಲ ಬಾಯಿಪಾಠ. ಆದರೆ ಅವನ ಕಿವಿಗಳಿಗೆ ಪಾಠ ಹತ್ತಿರಲಿಲ್ಲ. ಎಕ್ಕಾ ಕಂಡರೆ ಅವು ಹಣ್ಣುಮೆಣಸಿನಕಾಯಿಯಂತೆ ಕೆಂಪಾಗುತ್ತಿದ್ದವು.

ಬದಾಮದ ಎಕ್ಕಾ, ಬದಾಮದ ನಾಲ್ಕು ಬಂದವು. ಕಿವಿ ಕೆಂಪಾಯಿತು. ಉಳಿದಿಬ್ಬರು ಒಂದೊಂದೇ ಬಟ್ಟಲಿಗೆ ಎಲೆ ಒಗೆದರು. ಮುಂದೆ ಚೌಕಟದ ಎಕ್ಕಾ, ಚೌಕಟದ ರಾಣಿ. ಈ ಸಲ ಅವರು ಆಡಿದರು, ಮೂರನೆಯ ಎಲೆ ಕಳಾವರ ಬಿತ್ತು. ಕೆಳಗಿಡಬೇಕಿತ್ತು. ಇಡಲಿಲ್ಲ. ಟವೆಲ್ಲು ಹಗುರಾಗುತ್ತಾ ಬಂತು.

"ಕಾಕಾ, ಇವನ ಕಿವಿ ಮೆಣಸಿನಕಾಯಿ ಜೋಡಿ ಒಣಗಾಕ ಹಾಕು, ಪಾಪ," ಎಂದ ದಾವೂದಸಾಬ.

ಹೊರಗೆ ಮಳೆ ನಿಂತಿತ್ತು. ಮೋಡ ಕವಿದು ಮಧ್ಯಾಹ್ನವೇ ಮಬ್ಬಾಗಿತ್ತು. ಸಮಾಧಿಯ ಒಂದು ಮಗ್ಗುಲು ಕುಸಿದು ಕೆಂಪು ನೀರು ಬಾಗಿಲ ಕಡೆಗೆ ನಿಧಾನವಾಗಿ ಹರಿದು ಬರುತ್ತಿತ್ತು. ಮಡಿವಾಳೆಪ್ಪ ಎದ್ದು ಹೋಗಬೇಕೆಂದುಕೊಂಡ. ಅನ್ನವ್ವನ ಖಾಲಿ ಬುತ್ತಿ ನೆನಪಾಯಿತು. ಉಳಿದ ಕೊಬ್ಬರಿಯನ್ನೆಲ್ಲ ಮುಂದಿಟ್ಟ.

ಇಸ್ಪೀಟ ಒಂಬತ್ತು ಬಂತು. ಎರಡನೆಯ ಎಲೆಯನ್ನು ಎತ್ತಿಕೊಂಡಾಗ ಅದು ಬೆರಳಿಗೆ ತಂಪಾಗಿ ಅಂಟಿತು. ಹಸಿ ಮಣ್ಣಿನ ವಾಸನೆ ಬಂತು. ಮೂಲೆಯಲ್ಲಿ ಸುಣ್ಣದ ಹೆಬ್ಬೆಟ್ಟಿನ ಗುರುತಿತ್ತು, ಎಲೆಯಡಿಕೆ ತಿನ್ನುತ್ತಾ ಆಡುತ್ತಿದ್ದ ಕುಬೇರಪ್ಪನ ಗುರುತು.

ಇಸ್ಪೀಟ ಎಕ್ಕಾ.

ಕಿವಿಗಳು ಕೆಂಪಾಗಲಿಲ್ಲ. ಅವು ಇವೆಯೋ ಇಲ್ಲವೋ ಎಂಬುದೇ ಅವನಿಗೆ ತಿಳಿಯಲಿಲ್ಲ.

"ಮಾರಿ ನೋಡಿದ್ರ ಏನೂ ಬಂದಿಲ್ಲ ಇವಂಗ," ಎಂದು ಈರಪ್ಪ ಪಣ ಏರಿಸಿದ. ದಾವೂದಸಾಬ ಅದರ ಮೇಲೆ ಏರಿಸಿದ. ಮೂರನೆಯ ಎಲೆ ಬಿತ್ತು: ಇಸ್ಪೀಟ ರಾಜಾ.

"ದಾವೂದಸಾಬ," ಎಂದ ಮಡಿವಾಳೆಪ್ಪ ಸಣ್ಣ ದನಿಯಲ್ಲಿ, "ಕಟ್ಟಿನ್ಯಾಗ ಎಲಿ ಪೂರಾ ಅದಾವೇನು?"

"ಒಂದು ಕಡಿಮಿ. ಅದು ಎಲ್ಲೈತಿ ಅಂತ ಬಾಗಲದಾಗ ನೋಡು."

ನೋಡಿದ. ಆಮೇಲೆ ಮೂರೂ ಎಲೆಗಳನ್ನು ಎಲ್ಲರಿಗೂ ಕಾಣುವಂತೆ ಮಗುಚಿ ಇಟ್ಟ.

ದಾವೂದಸಾಬ ಬಾಯಲ್ಲೇ ಏನೋ ಪಠಿಸಿದ. ಈರಪ್ಪ ಎಲೆಯನ್ನು ಮುಟ್ಟದೆ ಬಗ್ಗಿ ಮೂಸಿದ.

"ಅವತ್ತ ಅರ್ಧಕ್ಕ ನಿಂತಿತ್ತಲ್ಲ ಅವನ ಆಟ," ಎಂದ. "ತೋರಸಾಕ ಬಂದಾನ. ಇದು ನಿನ್ನ ಗೆಲುವಲ್ಲ ಮಡಿವಾಳ, ಕುಬೇರಪ್ಪಂದು. ಇಲ್ಲಿರೋದೆಲ್ಲ ಅವನ ಮನಿಗೆ ಮುಟ್ಟಬೇಕು. ಎಲಿ ನಿನ್ನ ಕೈಯಾಗ ಬಂದೈತಿ, ನೀನ ಒಯ್ಯಿ."

"ನಂದರೆ ನಾ ಇಟ್ಟಕೊಳ್ಳಲೇನು ಕಾಕಾ?"

"ಇಟ್ಟಕೊ. ಸಂಜೀಕ ಅವ ಕೇಳಾಕ ಬಂದ್ರ ನಮ್ಮ ಹೆಸರು ಹೇಳಬ್ಯಾಡ."

ಇಬ್ಬರೂ ತಾವು ಗೆದ್ದದ್ದನ್ನೂ ರಾಶಿಗೆ ಸುರಿದು ಹಿಂಬಾಗಿಲಿಂದ ಹೋದರು. ಚಪ್ಪಲಿಗಳು ಮುಂಬಾಗಿಲಲ್ಲೇ ಉಳಿದವು.

ಮಡಿವಾಳೆಪ್ಪ ಹೋದಾಗ ಕುಬೇರಪ್ಪನ ಹೆಂಡತಿ ಸಾವಿತ್ರೆವ್ವನ ಮನೆಯ ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಬೆಲ್ಲದ ಪಾಕ ಕುದಿಯುತ್ತಿತ್ತು. ಪಕ್ಕದಲ್ಲಿ ತುರಿಯುವ ಮಣೆ ತೊಳೆದಿಟ್ಟಿತ್ತು. ನಾಗಪ್ಪನ ಮೂರ್ತಿ ಮಾಡಲು ಹುತ್ತದ ಮಣ್ಣು ನಾದುತ್ತಿದ್ದ ಅವಳು ತಲೆಯೆತ್ತಲಿಲ್ಲ.

"ಕೊಬ್ಬರಿ ಅಲ್ಲೇ ಇಡ್ರಿ," ಎಂದಳು. "ಪಾಕ ಗಟ್ಟಿ ಆಗಾಕತ್ತಿತ್ತು."

ಕೊಬ್ಬರಿ ತಂದಿದ್ದೇನೆಂದು ಅವನಿನ್ನೂ ಹೇಳಿರಲಿಲ್ಲ. ಟವೆಲ್ಲನ್ನೂ ಅಲ್ಲೇ ಬಿಟ್ಟು ಓಡಿದ. ಊರ ಬಾವಿಯಲ್ಲಿ ತಲೆಯ ಮೇಲೆ ನೀರು ಸುರಿದುಕೊಂಡ, ಮತ್ತೆ ಸುರಿದುಕೊಂಡ. ಹಲ್ಲು ಕಟಕಟಿಸುತ್ತಾ ಮನೆಗೆ ಬಂದರೆ, ಅಂಗಳದ ಹಗ್ಗದ ಮೇಲೆ ಅವನ ಕೆಂಪಂಚಿನ ಟವೆಲ್ಲು ತೂಗುತ್ತಿತ್ತು.

ಅದನ್ನು ಮುಟ್ಟದೆ ಸುತ್ತುಹಾಕಿ ಬಾಗಿಲಿಗೆ ಬಂದ. ಒಳಗೆ ಕೊಬ್ಬರಿ ತುರಿಯುವ ಸದ್ದು.

"ಬರ್ರಿ, ಹೆದರಬ್ಯಾಡ್ರಿ," ಎಂದಳು ಶಿವಗಂಗವ್ವ. "ಸಾವಿತ್ರೆವ್ವ ಹಿತ್ತಲಕಡೆಯಿಂದ ಬಂದು, ಟವೆಲ್ಲಿನ್ಯಾಗ ಅರ್ಧ ಕೊಬ್ಬರಿ ಕೊಟ್ಟಹೋದಳು. ನಿನ್ನೆ ಮಾತಾಗಿತ್ತು."

"ಏನ್ ಮಾತು?"

"ನೀವು ಗಾಣದ ಮನಿಗೆ ಹೋಗೋದಂತೂ ಖರೆ. ಕೊಬ್ಬರಿ ಯಾರರೆ ಗೆಲ್ಲಲಿ, ಅದು ನಮ್ಮ ಒಲಿಗೆ ಬರಬೇಕಲ್ಲ. ಗಂಡನ ಮೈ ತೊಳಿಸಿದಾಕಿ ಅಕಿ. ನಿಮ್ಮ ಯಾರಿಗೂ ಬಿಚ್ಚದ ಮುಷ್ಟಿ ಅಕಿ ಕೈಯಾಗ ಬಿಚ್ಚಿತ್ತಂತ. ಎಲಿ ಅಕಿ ಪೆಟ್ಟಿಗ್ಯಾಗಿತ್ತು. ಇವತ್ತ ಮುಂಜಾನಿ ಗಾಣದ ಮನ್ಯಾಗ ಕಸ ಹೊಡಿಯೋ ಮುಂದ, ಹುತ್ತದ ಮಣ್ಣಗೈಲೇ, ಕಟ್ಟಿನ್ಯಾಗ ಸೇರಿಸಿ ಬಂದಾಳ."

ಮಡಿವಾಳೆಪ್ಪ ಗೋಡೆಗೆ ಒರಗಿ ತಲೆಯ ನೀರು ಒರೆಸಿಕೊಂಡ. ಅನ್ನವ್ವ ಉಂಡಿ ಕಟ್ಟುತ್ತಾ ತಲೆ ತಗ್ಗಿಸಿ ನಗುತ್ತಿದ್ದಳು.

"ಹಂಗಾರ ಒಂದು ಉಂಡಿ ಕೊಡು."

"ಹ್ಯಾಂಗ ಕೊಡಲಿ? ಕುಬೇರಪ್ಪ ನಿಮ್ಮ ಮೈಯಾಗ ಬಂದಾನಂತ ಊರೆಲ್ಲ ಸುದ್ದಿ. ಈರಪ್ಪ ಕಾಕಾ, ದಾವೂದಸಾಬ ಗ್ವಾಡಿ ಮ್ಯಾಲಿಂದ ಇಣಕಾಕತ್ತಾರ. ಉಂಡಿ ಬಾಯಿಗೆ ಬಿದ್ರ ನಿಮ್ಮ ಕಿವಿ ಕೆಂಪಾಗತಾವು. ಅವರಿಗೆಲ್ಲ ತಿಳೀತೈತಿ. ಕೊಬ್ಬರಿ ತಿರುಗಿ ಕೇಳ್ತಾರ. ಹೋಗ್ರಿ, ಕಟ್ಟಿ ಮ್ಯಾಲೆ ಸುಮ್ಮನ ಕುಂದರ್ರಿ."

ಕೂತ. ತುಪ್ಪ, ಯಾಲಕ್ಕಿ, ಹುರಿದ ಕೊಬ್ಬರಿಯ ಪರಿಮಳ ಹೊರಗೆ ಬಂತು. ಹೊಟ್ಟೆ ಕೂಗಿತು. ಮಡಿವಾಳೆಪ್ಪ ಕಣ್ಣು ಮಿಟುಕಿಸಲಿಲ್ಲ. ಕಿವಿಗಳು ಬಿಳಿಚಿಕೊಂಡೇ ಇದ್ದವು.

ಗೋಡೆಯಾಚೆ ಈರಪ್ಪನ ಪಿಸುಮಾತು ಕೇಳಿಸಿತು: "ನೋಡು, ಮಾರಿ ಅಗದಿ ಅವಂದ."

ಕುಬೇರಪ್ಪನ ಪಾಠ ಕೊನೆಗೂ ಅವನಿಗೆ ಹತ್ತಿತ್ತು. ಈಗ ಎಂಥ ಎಕ್ಕಾ ಬಂದರೂ ಅವನ ಮುಖ ಓದುವವರಿಲ್ಲ. ಆದರೆ ಅಂದಿನಿಂದ ತಂಬೂರದಲ್ಲಾಗಲಿ, ಬಮ್ಮಿಗಟ್ಟಿಯಲ್ಲಾಗಲಿ, ಅಳ್ನಾವರದ ಸ್ಟೇಶನ್ ಕಟ್ಟೆಯಲ್ಲಾಗಲಿ, ಅವನು ಬಂದು ಕೂತರೆ ಎಲೆ ಹಂಚುವವರೂ ಇಲ್ಲ.