ಹಾವು ನೋಡಿಕೊಳ್ಳಲು ಜನ ಬೇಕಾಗಿದ್ದಾರೆ

ಅಂಚೆ ಕಚೇರಿಯ ಗಾಜಿನ ಕಿಟಕಿಯಲ್ಲಿ, ಹಳೆಯ ಸೋಫಾ ಮಾರಾಟಕ್ಕಿದೆ ಎಂಬ ಚೀಟಿಗೂ ಬೆಕ್ಕು ಕಾಣೆಯಾಗಿದೆ ಎಂಬ ಚೀಟಿಗೂ ನಡುವೆ, ಆ ಶನಿವಾರ ಬೆಳಿಗ್ಗೆ ಹೊಸ ಚೀಟಿಯೊಂದು ಕಾಣಿಸಿಕೊಂಡಿತು. ‘ಆಗಸ್ಟ್ ಕೊನೆಯ ವಾರ ಎರಡು ಹಾವುಗಳನ್ನು ನೋಡಿಕೊಳ್ಳಲು ಜನ ಬೇಕಾಗಿದ್ದಾರೆ. ಸಾಧು ಪ್ರಾಣಿಗಳು. 11, ಮಿಲ್ ಬೀದಿ. ಇವತ್ತೇ ಬಂದು ಕಾಣಿ.’

ಹನ್ನೊಂದನೇ ನಂಬರಿನ ಮನೆಯ ಕ್ಲೈವ್ ಆರ್ಮಿಟೇಜ್ ಹಾಲು, ಪೇಪರು ತರಲು ಹೋದವನು ಅದನ್ನು ಮೂರು ಸಲ ಓದಿದ. ಅಕ್ಷರಗಳನ್ನು ಅಚ್ಚು ಹಾಕಿದ ಹಾಗೆ ಬಿಡಿಬಿಡಿಯಾಗಿ ಬರೆದಿದ್ದರಿಂದ ಯಾರ ಕೈ ಎಂದು ತಿಳಿಯುವಂತಿರಲಿಲ್ಲ. ತಿಳಿಯುವ ಅಗತ್ಯವೂ ಇರಲಿಲ್ಲ. ಹೆಂಡತಿ ಬೆರಿಲ್‌ಳ ತಾಳ್ಮೆ ಕೊನೆಗೂ ಮುಗಿದಿದೆ ಎಂದುಕೊಂಡ.

ಬೆರಿಲ್‌ಗೆ ರಾಡ್ನಿ ಎಂಬ ತಮ್ಮನಿದ್ದ. ರಾಡ್ನಿಗೆ ಸ್ಕೆಗ್ನೆಸ್ಸಿನ ಸಮುದ್ರ ತೀರದಲ್ಲಿ ಒಂದು ಕ್ಯಾರವಾನ್, ಅಂದರೆ ಗಾಲಿಯ ಮೇಲಿನ ಪುಟ್ಟ ಮನೆ, ಇತ್ತು. ಹತ್ತು ವರ್ಷದ ಹಿಂದೆ ಕ್ಲೈವ್, ಬೆರಿಲ್ ಒಂದೇ ಒಂದು ಸಲ ಅಲ್ಲಿಗೆ ಹೋಗಿ ಒಂದು ವಾರ ಇದ್ದರು. ರಾಡ್ನಿ, ಅವನ ಹೆಂಡತಿ, ಮೂರು ಮಕ್ಕಳು ಮತ್ತು ಒದ್ದೆ ನಾಯಿಯ ಜೊತೆಗೆ. ನೆಂಟರಿಗೆಂದು ಪ್ರತ್ಯೇಕ ಹಾಸಿಗೆ ಅಲ್ಲಿರಲಿಲ್ಲ. ಊಟದ ಮೇಜನ್ನೇ ಕೆಳಗಿಳಿಸಿ ಹಾಸಿಗೆ ಮಾಡಬೇಕು. ಹಾಗಾಗಿ ಕಟ್ಟಕಡೆಯವನು ಟೀ ಕುಡಿದು ಏಳುವ ತನಕ ಇವರು ಮಲಗುವಂತಿಲ್ಲ, ಮೊಟ್ಟಮೊದಲನೆಯವನು ಟೀ ಕೇಳಿದೊಡನೆ ಏಳಬೇಕು. ರಾಡ್ನಿ ಬೆಳಿಗ್ಗೆ ಐದೂವರೆಗೆ ಟೀ ಕೇಳುವ ಜಾತಿ. ಮಳೆ ಬಂದರೆ ಅಕಾರ್ಡಿಯನ್ ಬಾರಿಸುತ್ತಿದ್ದ. ಆ ವಾರ ಏಳು ದಿನವೂ ಮಳೆ ಬಂದಿತ್ತು.

ಊರಿಗೆ ಮರಳಿದ ಮರುತಿಂಗಳೇ ಕ್ಲೈವ್ ಒಂದು ಹೆಬ್ಬಾವನ್ನು ಕೊಂಡು ತಂದ. ಗಂಭೀರ ಮುಖದ ಆ ಪ್ರಾಣಿಗೆ ಬಿಷಪ್ ಎಂದು ಹೆಸರಿಟ್ಟ. ಮಾರನೇ ವರ್ಷ ರಾಡ್ನಿ ಕರೆದಾಗ, “ಹಾವು ಬಿಟ್ಟು ಬರೋಕಾಗಲ್ಲ ಕಣಪ್ಪ, ದಿನಾ ನೋಡ್ಕೋಬೇಕು,” ಎಂದ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಪಾಪ, ಒಂಟಿ ಪ್ರಾಣಿಗೆ ಬೇಜಾರಾಗಬಹುದು ಎಂದು ಬೆರಿಲ್‌ಳೇ ಹೇಳಿದ್ದರಿಂದ ಹಳದಿ ಬಣ್ಣದ ಇನ್ನೊಂದು ಹಾವೂ ಬಂತು. ಅದರ ಹೆಸರು ಕಸ್ಟರ್ಡ್.

ಅಲ್ಲಿಂದ ಒಂಬತ್ತು ವರ್ಷ, ಆಗಸ್ಟ್ ಕೊನೆಯ ವಾರ ಬಂತೆಂದರೆ ಬೆರಿಲ್ ಸೂಟ್‌ಕೇಸನ್ನು ಬೀರುವಿನ ಮೇಲಿಂದ ಇಳಿಸಿ, ಧೂಳು ಒರೆಸಿ, ಹಿತ್ತಲಲ್ಲಿ ಗಾಳಿಗಿಟ್ಟು, ನಿಟ್ಟುಸಿರುಬಿಟ್ಟು ಮತ್ತೆ ಮೇಲಿಡುತ್ತಿದ್ದಳು. ಆಮೇಲೆ ಇಬ್ಬರೂ ಹಿತ್ತಲಲ್ಲಿ ಎರಡು ಕುರ್ಚಿ ಹಾಕಿಕೊಂಡು, ಮೀನು ಚಿಪ್ಸ್ ತಿಂದು, ಪದಬಂಧ ತುಂಬಿಸುತ್ತ ವಾರ ಕಳೆಯುತ್ತಿದ್ದರು. ಕ್ಲೈವ್‌ನ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ವಾರ ಇರಲಿಲ್ಲ. ಆದರೆ ಆ ನಿಟ್ಟುಸಿರು ಅವನ ಎದೆಯಲ್ಲಿ ಮುಳ್ಳಿನಂತೆ ಉಳಿದಿತ್ತು. ತನ್ನ ಸುಖಕ್ಕಾಗಿ ಹೆಂಡತಿಯ ತವರಿನ ಆಸೆಯನ್ನು ವರ್ಷ ವರ್ಷ ಕೊಲ್ಲುತ್ತಿದ್ದೇನೆ ಎಂಬ ಪಾಪಪ್ರಜ್ಞೆ ಅವನಿಗೆ.

ಮನೆಗೆ ಬಂದರೆ ಬೆರಿಲ್ ಒಳ್ಳೆಯ ಕಪ್ಪುಗಳನ್ನು ತೆಗೆದಿಟ್ಟಿದ್ದಳು.

“ಹಾವು ನೋಡ್ಕೊಳ್ಳೋಕೆ ಯಾರೋ ಬರ್ತಾರಂತಲ್ಲ,” ಎಂದಳು, ಅವನ ಮುಖ ನೋಡದೆ. “ಪಕ್ಕದ್ಮನೆ ಡೋರೀನ್ ಹೇಳಿದ್ಲು.”

“ಹೌದಂತೆ.”

“ಒಳ್ಳೇದೇ ಆಯ್ತು.”

“ಹ್ಞೂಂ. ಒಳ್ಳೇದೇ ಆಯ್ತು.”

ಇಬ್ಬರೂ ಕೆಟಲ್ ಕುದಿಯುವುದನ್ನು ನೋಡುತ್ತ ನಿಂತರು.

ಹತ್ತು ಗಂಟೆಗೆ ಡೋರೀನ್ ಹೆಣಿಗೆಯ ಚೀಲ ಹಿಡಿದು ಬಂದು ಸೋಫಾದ ಮಧ್ಯದಲ್ಲಿ ಕೂತಳು. ಕರೆದವರು ಯಾರೂ ಇಲ್ಲ. ಮಿಲ್ ಬೀದಿಯಲ್ಲಿ ಹುಟ್ಟು, ಸಾವು, ಪೊಲೀಸರ ಭೇಟಿ ಯಾವುದೂ ಡೋರೀನ್ ಹಾಜರಿಲ್ಲದೆ ನಡೆಯುತ್ತಿರಲಿಲ್ಲ. “ನಾನು ಸುಮ್ನೆ ಕೂತಿರ್ತೀನಿ. ನೀವು ನಡೆಸಿ,” ಎಂದಳು.

ಮೊದಲು ಬಂದವನು ನಿವೃತ್ತ ಬ್ಯಾಂಕು ಗುಮಾಸ್ತ ಗಾರ್‌ಸೈಡ್. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು, “ಕಚ್ಚೋದಿಲ್ಲ ತಾನೇ?” ಎಂದು ಕೇಳಿದ.

ಕ್ಲೈವ್ “ಒಂದ್ನಿಮಿಷ” ಎಂದು ಮಹಡಿಗೆ ಹೋದ. ಇಳಿದು ಬಂದಾಗ ಅವನ ಹೆಬ್ಬೆರಳಿಗೆ ಮೊಸರು ಕಡೆಯುವ ಕಡೆಗೋಲಿನಷ್ಟು ದಪ್ಪ ಬ್ಯಾಂಡೇಜು ಸುತ್ತಿತ್ತು. “ಕಚ್ಚೋದು ಅಂತೇನಿಲ್ಲ,” ಎಂದ, ಕೈಯನ್ನು ಬೆಳಕಿಗೆ ಹಿಡಿದು.

ಬೆರಿಲ್ ಈಗ ಸುಳ್ಳು ಹಿಡಿದೇ ಬಿಡುತ್ತಾಳೆ ಎಂದು ಅವನು ಹೆದರಿದ. ಅವಳು ಹತ್ತಿರ ಬಂದು ಬ್ಯಾಂಡೇಜಿನ ತುದಿಯನ್ನು ಬಿಗಿಯಾಗಿ ಸಿಕ್ಕಿಸಿದಳು. “ಹೋದ ತಿಂಗಳು ಇನ್ನೊಂದು ಕೈ. ಇದು ಪರವಾಗಿಲ್ಲ, ಊದಿಲ್ಲ,” ಎಂದಳು ಗಾರ್‌ಸೈಡ್‌ಗೆ.

ಹೋದ ತಿಂಗಳು ಡಬ್ಬಿ ತೆರೆಯುವಾಗ ಕೈ ಕೊಯ್ದುಕೊಂಡದ್ದನ್ನು ಪಾಪ ಇವಳು ಇದಕ್ಕೆ ಸೇರಿಸಿಬಿಟ್ಟಳು ಎಂದು ಕ್ಲೈವ್‌ಗೆ ಕನಿಕರವಾಯಿತು. ಗಾರ್‌ಸೈಡ್ ಟೀ ಮುಗಿಸದೆ ಎದ್ದ.

ಎರಡನೆಯವಳು ಮಾಂಸದಂಗಡಿಯ ಸ್ಯಾಂಡ್ರಾ. ಬಾಗಿಲಿನಷ್ಟೇ ಅಗಲದ ಹೆಂಗಸು. ಬ್ಯಾಂಡೇಜು ನೋಡಿ, “ಇಷ್ಟೇನಾ?” ಎಂದಳು. ಬೆರಿಲ್ ಫ್ರೀಜರ್ ತೆರೆದು, ಹಾವುಗಳ ಊಟಕ್ಕೆಂದು ಬಟಾಣಿ ಚೀಲದ ಪಕ್ಕ ಮಲಗಿಸಿದ್ದ ಸತ್ತ ಇಲಿಗಳನ್ನು ತೋರಿಸಿ, ಅದೇ ಖಾನೆಯಿಂದ ಐಸ್‌ಕ್ರೀಮ್ ತೆಗೆದು ಕೊಟ್ಟಳು. ಸ್ಯಾಂಡ್ರಾ ಎರಡು ಸಲ ಹಾಕಿಸಿಕೊಂಡಳು. “ನಾನು ದಿನಾ ಹಂದಿ ಕಡಿಯೋಳು ಕಣ್ರೀ. ಇಲಿಗೆ ಹೆದರ್ತೀನಾ?”

ಕ್ಲೈವ್ ಐಸ್‌ಕ್ರೀಮ್ ಡಬ್ಬಿ ಮುಚ್ಚಿದ. “ಇಲಿ ಬಿಡಿ, ಅದು ಸುಲಭ,” ಎಂದ. “ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಈ ಬಿಷಪ್ ಹತ್ರ ಮಾತಾಡ್ಬೇಕು. ಇಲ್ದಿದ್ರೆ ಊಟ ಬಿಡ್ತಾನೆ.”

“ಮಾತಲ್ಲ, ಹಾಡು,” ಎಂದಳು ಬೆರಿಲ್. “ಚರ್ಚಿನ ಹಾಡೇ ಆಗ್ಬೇಕು. ಅದಕ್ಕೇ ಬಿಷಪ್ ಅಂತ ಹೆಸರಿಟ್ಟಿದ್ದು.”

ಡೋರೀನ್‌ಳ ಹೆಣಿಗೆ ನಿಂತಿತು. “ನಾಲ್ಕು ಗಂಟೆಗೆ ಕ್ಲೈವ್ ಹಾಡ್ತಾರಾ? ನನ್ನ ಗೋಡೆ ಪಕ್ಕದಲ್ಲೇ ಇದೆ, ಒಂದಿನಾನೂ ಕೇಳ್ಸಿಲ್ವಲ್ಲ!”

“ಮೆತ್ತಗೆ ಹಾಡ್ತಾನೆ,” ಎಂದಳು ಬೆರಿಲ್.

“ನಮ್ಮ ಹಂದಿಗಳೇ ವಾಸಿ,” ಎನ್ನುತ್ತ ಸ್ಯಾಂಡ್ರಾ ಹೋದಳು. ಹಾವಿನ ದೊಡ್ಡಸ್ತಿಕೆ ಹೇಳಿಕೊಳ್ಳಲು ಹೋಗಿ ಪೆದ್ದು ಹೆಂಡತಿ ಬಂದವರನ್ನೆಲ್ಲ ಓಡಿಸುತ್ತಿದ್ದಾಳೆ ಎಂದು ಕ್ಲೈವ್‌ಗೆ ಒಳಗೊಳಗೇ ಖುಷಿಯಾಯಿತು. ಖುಷಿಯಾದದ್ದಕ್ಕೆ ನಾಚಿಕೆಯೂ ಆಯಿತು.

ಮೂರು ಗಂಟೆಯ ತನಕ ಯಾರೂ ಸುಳಿಯಲಿಲ್ಲ. ಗಂಡಾಂತರ ಕಳೆಯಿತು ಎಂದು ಅವನು ಶೂ ಬಿಚ್ಚಿದ್ದನಷ್ಟೇ, ಬಾಗಿಲು ಬಡಿಯಿತು. ಕಡ್ಡಿಯಂಥ ಮುದುಕಿಯೊಬ್ಬಳು ನಿಂತಿದ್ದಳು. ಮಿಸ್ ಥ್ಯಾಕ್ರೆ. ಮೂವತ್ತು ವರ್ಷ ಮೃಗಾಲಯದಲ್ಲಿ ಹಾವಿನ ಮನೆ ನೋಡಿಕೊಂಡವಳು.

ಆಕೆ ಯಾರನ್ನೂ ಕೇಳದೆ ಗಾಜಿನ ಪೆಟ್ಟಿಗೆ ತೆರೆದು ಬಿಷಪ್‌ನನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ಅವನು ಹಳೆಯ ಮಫ್ಲರ್‌ನಂತೆ ಹಾಯಾಗಿ ಮಲಗಿದ. ಮಿಸ್ ಥ್ಯಾಕ್ರೆ ಕ್ಲೈವ್‌ನ ಹೆಬ್ಬೆರಳನ್ನು ನೋಡಿದಳು.

“ಬಿಚ್ಚಿ.”

“ಗಾಯ ಹಸಿ ಇದೆ...”

“ಬಿಚ್ಚಿ ಅಂದೆ.”

ಬ್ಯಾಂಡೇಜು ಸುತ್ತು ಸುತ್ತಾಗಿ ಬಿಚ್ಚಿಕೊಂಡು ನೆಲಕ್ಕೆ ಬಿತ್ತು. ಒಳಗಿಂದ ಹಸುಗೂಸಿನ ಬೆರಳಿನಂಥ ನಿಷ್ಕಳಂಕ ಹೆಬ್ಬೆರಳು ಹೊರಬಂತು. ಮಿಸ್ ಥ್ಯಾಕ್ರೆ ಅದನ್ನು ತಿರುಗಿಸಿ ತಿರುಗಿಸಿ ನೋಡಿ ಕೈಬಿಟ್ಟಳು. ಅದು ಬೈದದ್ದಕ್ಕಿಂತ ಕೆಟ್ಟದಾಗಿತ್ತು.

“ಎಷ್ಟು ದಿನ ಹೋಗ್ತೀರಿ?”

“ಒಂದು ವಾರ...”

“ಒಂದು ವಾರಕ್ಕೆ ಜನ ಯಾಕ್ರೀ? ಹೊಟ್ಟೆ ತುಂಬಿದ ಹಾವು ಇವು. ಎರಡು ವಾರ ಏನೂ ಬೇಡ. ಬಟ್ಟಲು ತುಂಬ ನೀರಿಟ್ಟು ಹೋಗಿ. ಮಧ್ಯೆ ನಾನೇ ಬಂದು ನೀರು ಬದಲಾಯಿಸಿ ಹೋಗ್ತೀನಿ. ಹಾವು ಸಾಕೋನಿಗೆ ಇಷ್ಟೂ ಗೊತ್ತಿಲ್ವಾ?” ಎಂದು ಬಿಷಪ್‌ನನ್ನು ಒಳಗೆ ಬಿಟ್ಟು, ಮಿಸ್ ಥ್ಯಾಕ್ರೆ ಹೊರಟುಹೋದಳು.

ಡೋರೀನ್ ಹೆಣಿಗೆಯನ್ನು ಅಲ್ಲೇ ಬಿಸಾಕಿ, “ಬಂದೆ, ಈಗ ಬಂದೆ!” ಎಂದು ಮನೆಗೆ ಓಡಿದಳು.

ಗಂಡ ಹೆಂಡತಿ ಇಬ್ಬರೇ ಉಳಿದರು. ಕ್ಲೈವ್ ಬರಿ ಹೆಬ್ಬೆರಳನ್ನು ಮುಷ್ಟಿಯೊಳಗೆ ಮುಚ್ಚಿಕೊಂಡ. ಒಂಬತ್ತು ವರ್ಷದ ಸುಳ್ಳು ನೆಲದ ಮೇಲೆ ಬಿದ್ದಿತ್ತು.

“ಬೆರಿಲ್,” ಎಂದ. “ನನಗೆ ಗೊತ್ತಿತ್ತು. ಮೊದಲಿಂದಲೂ ಗೊತ್ತಿತ್ತು. ಆ ಮೇಜಿನ ಮೇಲೆ ಇನ್ನೊಂದು ರಾತ್ರಿ ಮಲಗೋಕೆ ನನ್ನ ಕೈಲಿ ಆಗ್ತಿರಲಿಲ್ಲ. ನಿನ್ನ ಹೊಟ್ಟೆ ಉರಿಸ್ಬಿಟ್ಟೆ. ನೀನು ಚೀಟಿ ಹಾಕಿದ್ದು ಸರಿಯಾಗೇ ಇದೆ.”

ಬೆರಿಲ್ ಅವನನ್ನೇ ನೋಡಿದಳು. “ನಾನೆಲ್ಲಿ ಹಾಕ್ದೆ? ನೀನು ಹಾಕಿದ್ದು ಅಂದ್ಕೊಂಡೆ. ನನ್ನ ಮೇಲೆ ಕನಿಕರ ಬಂದು ಹಾಕಿದೀಯ, ಬೇಡ ಅಂದ್ರೆ ನಿನಗೆ ನೋವಾಗುತ್ತೆ ಅಂತ ಬೆಳಗಿಂದ ಬಾಯಿ ಮುಚ್ಕೊಂಡಿದೀನಿ.”

“ಮತ್ತೆ ಆ ಸೂಟ್‌ಕೇಸು? ಆ ನಿಟ್ಟುಸಿರು?”

“ಬದುಕಿದೆ ಅಂತ ಬಿಟ್ಟ ಉಸಿರಪ್ಪ ಅದು!” ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. “ಹಾವು ಎರಡು ವಾರ ತಿನ್ನದೇ ಇರುತ್ತೆ ಅಂತ ನಿನ್ನ ಪುಸ್ತಕದಲ್ಲೇ ಬರೆದಿದೆ, ನಾನು ಓದಿಲ್ವಾ? ಎರಡನೇ ಹಾವು ಯಾಕೆ ತರಿಸಿದೆ ಅಂದ್ಕೊಂಡೆ? ಒಂದನ್ನಾದ್ರೆ ರಾಡ್ನಿ ಜೊತೇಲೇ ತಗೊಂಡು ಬಾ ಅಂದ್ಬಿಟ್ಟಾನು ಅಂತ.”

ಕ್ಲೈವ್ ಸೋಫಾದ ಮೇಲೆ ಕೂತ. ಒಂಬತ್ತು ವರ್ಷ ಹೊತ್ತಿದ್ದ ಹೊರೆ ಒಂದೇ ಮಾತಿಗೆ ಇಳಿದಿತ್ತು. ಹಿತ್ತಲಿನ ಆ ವಾರಗಳು ತನ್ನೊಬ್ಬನ ಕಳ್ಳ ಸುಖವಲ್ಲ, ಇಬ್ಬರದೂ ಎಂದು ಈಗ ತಿಳಿಯಿತು. ಹೆಂಡತಿಯ ಕೈ ಹಿಡಿದುಕೊಂಡ. ಮದುವೆಯಾಗಿ ಮೂವತ್ತೊಂದು ವರ್ಷವಾದ ಮೇಲೆ, ಇವಳು ಇಷ್ಟು ಚೆನ್ನಾಗಿ ಸುಳ್ಳು ಹೇಳುತ್ತಾಳೆ ಎಂದು ಹೊಸದಾಗಿ ಪ್ರೀತಿ ಉಕ್ಕಿತು.

“ಹಾಗಾದ್ರೆ ಚೀಟಿ ಹಾಕಿದ್ದು ಯಾರು?” ಎಂದ.

ಬಾಗಿಲು ದಡಾರನೆ ತೆರೆದುಕೊಂಡಿತು. ಡೋರೀನ್, ಕೈಯಲ್ಲಿ ಫೋನು, ಕಣ್ಣಲ್ಲಿ ನೀರು.

“ನಾನೇ! ವರ್ಷಾ ವರ್ಷಾ ಬೆರಿಲ್ ಹಿತ್ತಲಲ್ಲಿ ಸೂಟ್‌ಕೇಸು ಇಟ್ಕೊಂಡು ನಿಟ್ಟುಸಿರು ಬಿಡೋದು ನೋಡಿ ನನ್ನ ಕರುಳು ಚುರ್ ಅನ್ನೋದು. ಕ್ರಿಸ್‌ಮಸ್‌ಗೆ ರಾಡ್ನಿ ಬಂದಾಗ, ಹೇಗಾದ್ರೂ ಮಾಡಿ ಕಳಿಸ್ಕೊಡಿ ಅಂತ ನಂಬರ್ ಕೊಟ್ಟು ಹೋಗಿದ್ದ. ಈಗ ತಾನೇ ಹೇಳ್ದೆ. ಗಂಡಸು ಫೋನಲ್ಲೇ ಅತ್ಬಿಟ್ಟ! ಶುಕ್ರವಾರ ಅವನೇ ಕಾರು ತಗೊಂಡು ಬರ್ತಾನಂತೆ. ತಗೊಳ್ಳಿ, ಮಾತಾಡಿ.”

ಫೋನಿನಿಂದ ರಾಡ್ನಿಯ ದನಿ ಇಡೀ ಕೋಣೆಗೆ ಕೇಳಿಸಿತು. “ಭಾವ! ಹಾವು ಎರಡು ವಾರ ಏನೂ ತಿನ್ನಲ್ವಂತೆ! ಒಂದು ವಾರ ಯಾಕೆ ಮತ್ತೆ? ಎರಡು ವಾರಕ್ಕೂ ನಿಮ್ಮಿಬ್ಬರಿಗೇ ಅಂತ ಮೇಜು ಮೀಸಲಿಟ್ಟಿದೀನಿ!”

ಹಿಂದೆ ಎಲ್ಲೋ ಯಾರೋ ಅಕಾರ್ಡಿಯನ್ ಒತ್ತಿ ನೋಡುತ್ತಿರುವ ಸದ್ದೂ ಕೇಳಿಸಿತು.

ಡೋರೀನ್ ಕಣ್ಣೊರೆಸಿಕೊಳ್ಳುತ್ತ ಹೆಣಿಗೆ ಎತ್ತಿಕೊಂಡು ಹೋದಳು. ಕ್ಲೈವ್ ನೆಲದ ಮೇಲಿದ್ದ ಬ್ಯಾಂಡೇಜನ್ನು ಎತ್ತಿಕೊಂಡು ನಿಧಾನವಾಗಿ ಸುರುಳಿ ಸುತ್ತಿದ.

“ಕಾಲಿಗೆ ಸುತ್ಕೊಂಡ್ರೆ?” ಎಂದ.

“ಮಿಸ್ ಥ್ಯಾಕ್ರೆ ಬಿಚ್ಚಿಸ್ತಾರೆ,” ಎಂದಳು ಬೆರಿಲ್.

ಗಾಜಿನ ಹಿಂದೆ ಬಿಷಪ್ ತಲೆಯನ್ನು ಮೈಯ ಸುರುಳಿಯೊಳಗೆ ಸೇರಿಸಿಕೊಂಡು ಉಂಡೆಯಾಗಿ ಮಲಗಿದ್ದ. ಬೆರಿಲ್ ಅವನನ್ನು ಸ್ವಲ್ಪ ಹೊತ್ತು ಅಸೂಯೆಯಿಂದ ನೋಡಿದಳು. ಆಮೇಲೆ ಮಹಡಿ ಹತ್ತಿ ಸೂಟ್‌ಕೇಸನ್ನು ಕೆಳಗಿಳಿಸಿದಳು. ಈ ಸಲ ಅವಳು ಬಿಟ್ಟ ನಿಟ್ಟುಸಿರು ನಿಜವಾದ ನಿಟ್ಟುಸಿರೇ ಆಗಿತ್ತು.