ಬ್ಲೆಸ್ಸಿಯ ಗದ್ದ

ಬೆಳಿಗ್ಗೆ ಮುಖ ತೊಳೆಯುವಾಗ ಬ್ಲೆಸ್ಸಿಯ ಗದ್ದಕ್ಕಂಟಿದ್ದ ಸಿಲಿಕೋನ್ ಪಟ್ಟಿ ಕಳಚಿಕೊಂಡು, ನೀರಿನ ಜೊತೆ ಮೀನಿನ ಮರಿಯಂತೆ ಬಚ್ಚಲ ಮೋರಿಯೊಳಗೆ ನುಸುಳಿಹೋಯಿತು. ಬೆರಳು ಹಾಕಿ ತಡಕಾಡಿದಳು. ಸಿಕ್ಕಿದ್ದು ಮನೆಯೊಡತಿ ಅನುಸೂಯಾಬಾಯಿಯ ಒಂದು ಹಿಡಿ ಕೂದಲು.

ಆ ಪಟ್ಟಿಯ ಕೆಳಗಿದ್ದದ್ದು ಒಂದು ಗುಟ್ಟು. ಮೂರು ತಿಂಗಳ ಹಿಂದೆ, ಗೆಳತಿಯ ಮದುವೆ ಎಂದು ಹೇಳಿ ಹೈದರಾಬಾದಿಗೆ ಹೋಗಿ, ಗದ್ದದ ಮೇಲಿನ ಮಚ್ಚೆ ತೆಗೆಸಿಕೊಂಡು ಬಂದಿದ್ದಳು. ಹುಟ್ಟಿದಾಗಿನಿಂದ ಇದ್ದ ಮಚ್ಚೆ. ಅಳೆದರೆ ಮೆಣಸಿನ ಕಾಳಿನಷ್ಟು. ಅವಳ ಕನ್ನಡಿಯಲ್ಲಿ ಮಾತ್ರ ನೇರಳೆ ಹಣ್ಣಿನಷ್ಟು. ಮಚ್ಚೆ ಹೋಯಿತು. ಅದು ಹೋದ ಜಾಗದಲ್ಲಿ ಗಾಯದ ಕಲೆ ಉಬ್ಬಿ, ಮಿರಮಿರ ಮಿಂಚುವ ಹುಣಸೆಬೀಜವಾಗಿ ಕೂತಿತು. ಭಾಲ್ಕಿಯ ಚರ್ಮದ ಡಾಕ್ಟರರು ತಿಂಗಳಿಗೊಮ್ಮೆ ಆ ಕಲೆಯೊಳಗೇ ಸೂಜಿ ಚುಚ್ಚಿ, "ಹಗಲೂ ರಾತ್ರಿ ಪಟ್ಟಿ ಹಚ್ಕೊಂಡಿರವ್ವಾ, ನಿಧಾನಕ್ಕ ಇಳೀತದ" ಎನ್ನುತ್ತಿದ್ದರು.

ಚೆಂದಕ್ಕಾಗಿ ಮುಖ ಕೊಯ್ಯಿಸಿಕೊಂಡಳೆಂಬ ಸುದ್ದಿ ಹೊರಬಿದ್ದರೆ ಠಾಣಾ ಕುಶನೂರಿಗೆ ಬಸ್ಸಿಗಿಂತ ಮೊದಲು ಮುಟ್ಟುತ್ತಿತ್ತು. ಅಲ್ಲಿ ಅವಳ ಅಪ್ಪ ಸ್ಯಾಮ್ಯುಯೆಲ ಮಾಸ್ತರರು, ದೇವರು ಕೊಟ್ಟ ಮುಖದಲ್ಲಿ ಕೊರತೆ ಹುಡುಕಬಾರದೆಂದು ಸಂಡೇ ಸ್ಕೂಲಿನ ಮಕ್ಕಳಿಗೆ ಪಾಠ ಹೇಳುತ್ತಿದ್ದರು. ಹಾಗಾಗಿ ತಾನು ಕೆಲಸ ಮಾಡುವ ಕೊಳಾರದ ಬೇಳೆ ಪ್ಯಾಕಿಂಗ್ ಕಾರ್ಖಾನೆಯಲ್ಲಿ, ಬಾಡಿಗೆ ಮನೆಯ ಬಚ್ಚಲಲ್ಲಿ ಜಾರಿ ಬಿದ್ದೆ ಎಂದಿದ್ದಳು. ನೌಬಾದದ ಬಾಡಿಗೆ ಮನೆಯಲ್ಲಿ ಏನೂ ಹೇಳದೆ, ಓಢಣಿಯನ್ನು ಗದ್ದದವರೆಗೆ ಎಳೆದುಕೊಂಡು ದಿನ ತಳ್ಳಿದ್ದಳು.

ಇವತ್ತು ಬಚ್ಚಲಿಂದ ಹೊರಬಂದಾಗ ಗದ್ದ ಮುಚ್ಚಲು ಕೈಯಲ್ಲಿ ಇದ್ದದ್ದು ಟವೆಲ್ಲು ಮಾತ್ರ. ಅನುಸೂಯಾಬಾಯಿ ಅದನ್ನು ಎಳೆದೇಬಿಟ್ಟಳು.

"ಅಯ್ಯ ನಮ್ಮವ್ವ! ಗದ್ದಕ್ಕ ಏನಾಗ್ಯಾದ ಇದು?"

ಗಾಬರಿಯಲ್ಲಿ ಬ್ಲೆಸ್ಸಿಯ ಬಾಯಿಗೆ ಬಂದದ್ದು ಹೊಸ ಸುಳ್ಳು. "ಕಾರ್ಖಾನ್ಯಾಗ... ಪೆಟ್ಟಿಗಿ ಬಿಗಿಯೋ ಬೆಲ್ಟ ಚಿಮ್ಮಿ ಬಡೀತ್ರಿ ಮೌಶಿ. ಹಳೀ ಗಾಯ. ಏನಿಲ್ಲ."

"ಏನಿಲ್ಲಂತ! ಲಗ್ನ ಆಗೋ ಹುಡುಗಿ ಮಾರಿ ಕೆಡಿಸಿ ಕಾರ್ಖಾನಿಯವ್ರು ಗಪ್ಪ ಕುಂತಾರ?"

"ಮೌಶಿ, ಕಾಲ್ ಬೀಳ್ತೇನಿ, ಯಾರಿಗೂ ಹೇಳಬ್ಯಾಡ್ರಿ."

"ನಾ ಯಾಕ ಹೇಳ್ಲಿ?" ಎಂದಳು ಅನುಸೂಯಾಬಾಯಿ. ಪಕ್ಕದ ಮೂರು ಮನೆಗಳಿಗೆ ಕೇಳಿಸಿತು.

ಕಾರ್ಖಾನೆಯಲ್ಲಿ ಅವತ್ತು ಹಬ್ಬದ ಕಳೆ. ಗೇಟಿನ ಕರಿಹಲಗೆಯ ಮೇಲೆ 'ಅಪಘಾತವಿಲ್ಲದ ದಿನಗಳು: ೩೬೫' ಎಂದು ಬರೆದಿತ್ತು. ಒಂದು ವರ್ಷ ಯಾರಿಗೂ ಗಾಯವಾಗದಿದ್ದರೆ ತಲೆಗೊಂದು ಕುಕ್ಕರು ಎಂದು ಮಾಲೀಕರು ಮಾತು ಕೊಟ್ಟಿದ್ದರು. ನಲವತ್ತೊಂದು ಹೆಂಗಸರಿಗೆ ನಲವತ್ತೊಂದು ಕುಕ್ಕರು, ಗೋಡೆಗೆ ಒರಗಿ ಮದುಮಕ್ಕಳಂತೆ ಕಾದಿದ್ದವು.

ಊಟದ ಹೊತ್ತಿಗೆ ಮ್ಯಾನೇಜರ್ ಸಂತೋಷಕುಮಾರ ಭಾಷಣಕ್ಕೆಂದು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲಿ ಗೇಟಿನಿಂದ ಇನ್ನೊಂದು ಗಂಟಲು ಒಳಗೆ ಬಂತು.

"ಯಾರ್ರಿ ಇಲ್ಲಿ ದೊಡ್ಡ ಸಾಹೇಬ್ರು? ನಮ್ಮ ಬ್ಲೆಸ್ಸಿ ಮಾರಿ ನೋಡೀರೇನು? ನಿಮ್ಮ ಬೆಲ್ಟ ಬಡಿದು ಹುಣಸೀಬೀಜ ಎದ್ದದ!"

ಅನುಸೂಯಾಬಾಯಿ! ಬ್ಲೆಸ್ಸಿಗೆ ಬೇಳೆಯ ಚೀಲದೊಳಗಿಳಿದು, ಮೇಲಿಂದ ಬಾಯಿ ಹೊಲಿಸಿಕೊಳ್ಳಬೇಕೆನಿಸಿತು.

ಸಂತೋಷಕುಮಾರ ಹಲಗೆ ನೋಡಿದರು, ಗದ್ದ ನೋಡಿದರು. "ಏನವ್ವಾ, ಬಚ್ಚಲಾಗ ಬಿದ್ದೇನಿ ಅಂದಿದ್ದಿ?"

"ನಮ್ಮ ಬಚ್ಚಲಾಗ?" ಅನುಸೂಯಾಬಾಯಿ ಸೊಂಟದ ಮೇಲೆ ಕೈ ಇಟ್ಟಳು. "ಇಪ್ಪತ್ತು ವರ್ಷ ಆಯ್ತು, ನಮ್ಮ ಬಚ್ಚಲಾಗ ಒಂದು ಹಲ್ಲಿ ಸುದ್ದಾ ಜಾರಿ ಬಿದ್ದಿಲ್ಲ!"

ಸಂತೋಷಕುಮಾರ ಬಟ್ಟೆ ಹಿಡಿದು ಹಲಗೆಯತ್ತ ನಡೆದರು. "ಹಂಗಾದ್ರ ಅಪಘಾತ ಇಲ್ಲೇ ಆಗ್ಯಾದ. ಸೊನ್ನಿ ಬರೀಬೇಕು. ಕುಕ್ಕರ್ ವಾಪಸ್."

ನಲವತ್ತು ಜೊತೆ ಕಣ್ಣು ಬ್ಲೆಸ್ಸಿಯ ಮೇಲೆ ಬಿದ್ದವು. ಮುಸರ್ರತ ಅಂತೂ ತನ್ನ ಪಾಲಿನ ಕುಕ್ಕರನ್ನು ಮಗಳ ಲಗ್ನದ ಸಾಮಾನಿಗೆ ಆಗಲೇ ಸೇರಿಸಿಬಿಟ್ಟಿದ್ದಳು. ಬ್ಲೆಸ್ಸಿ ಕಣ್ಣು ಮುಚ್ಚಿಕೊಂಡು ಹೇಳಿದಳು:

"ಬಿದ್ದಿಲ್ರಿ, ಬೆಲ್ಟೂ ಬಡಿದಿಲ್ರಿ. ಮಚ್ಚಿ ಇತ್ತು. ಛೊಲೊ ಕಾಣಬೇಕಂತ ಆಪರೇಶನ್ ಮಾಡ್ಸಿ ತೆಗೆಸೇನಿ."

ಯಾರೂ ನಗಲಿಲ್ಲ. ಮೂರು ವರ್ಷ ಎದುರಿಗೆ ಕೂತು ಬುತ್ತಿ ಉಂಡಿದ್ದ ಸುವರ್ಣಾ ಕೇಳಿದಳು: "ಯಾವ ಮಚ್ಚಿ?"

"ಗದ್ದದ ಮ್ಯಾಲಿಂದು."

"ನಿನಗ ಮಚ್ಚಿ ಇತ್ತಾ?"

ಬ್ಲೆಸ್ಸಿ ದಂಗಾದಳು. ಯಾವ ಮಚ್ಚೆಗೆ ಅಂಜಿ ಇಪ್ಪತ್ನಾಲ್ಕು ವರ್ಷ ಬಸ್ಸಿನಲ್ಲಿ ಕಿಟಕಿಯ ಕಡೆಗೇ ಮುಖ ಮಾಡಿ ಕೂತಿದ್ದಳೋ, ಆ ಮಚ್ಚೆಯನ್ನು ಒಬ್ಬರೂ ನೋಡಿಯೇ ಇರಲಿಲ್ಲ! ಮನಸ್ಸು ಒಂದು ಗಳಿಗೆ ಹಗುರಾಯಿತು. ಮರುಗಳಿಗೆಗೆ ಚುಚ್ಚಿಸಿಕೊಂಡ ಸೂಜಿಗಳೆಲ್ಲ ಒಟ್ಟಿಗೆ ನೆನಪಾಗಿ ಅಳು ಬಂತು.

"ಪುರಾವೆ?" ಎಂದರು ಸಂತೋಷಕುಮಾರ. ಮೊಬೈಲಿನಲ್ಲಿದ್ದ ಕಾರ್ಖಾನೆಯ ಹಳೆಯ ಫೋಟೋಗಳನ್ನು ತೆಗೆದು ನೋಡಿದರು. ಎಲ್ಲದರಲ್ಲೂ ಅವಳ ಕೈ ಗದ್ದದ ಮೇಲೆ, ಚಿಂತೆಗೆ ಬಿದ್ದ ತತ್ವಜ್ಞಾನಿಯಂತೆ. ಗುರುತಿನ ಚೀಟಿಯ ಫೋಟೋದಲ್ಲಿ ಇಡೀ ಮುಖವೇ ಒಂದು ಮಚ್ಚೆಯಾಗಿತ್ತು. ಹೈದರಾಬಾದಿನ ಕಾಗದಗಳನ್ನು ಗುಟ್ಟಿಗೆ ಹೆದರಿ ಅವಳೇ ಹರಿದುಹಾಕಿದ್ದಳು. ಭಾಲ್ಕಿಯ ಚೀಟಿಯಲ್ಲಿ 'ಗಾಯದ ಉಬ್ಬಿದ ಕಲೆ' ಎಂದಷ್ಟೇ ಇತ್ತು.

"ಗಾಯಕ್ಕ ಕಾಗದ ಅದ. ಮಚ್ಚಿಗೆ ಏನದ?" ಎಂದು ಅವರು ಕುಕ್ಕರು ತಂದಿದ್ದ ಟೆಂಪೋದವನನ್ನು ಕರೆದರು. ಮೊದಲ ಕುಕ್ಕರು ಅವನ ಹೆಗಲೇರಿತು.

"ತಡೀರಿ ಸಾಬ್!" ಮುಸರ್ರತ ಚೀರಿದಳು. "ಈಗ ಯಾದ್ ಬಂತ್ರಿ. ಮಚ್ಚಿ ಇತ್ತು! ಕಡಲಿಯಷ್ಟಿತ್ತು!"

"ಕಡಲಿ ಎಲ್ಲೀದು," ಹಿಂದಿನಿಂದ ಯಾರೋ ಕೂಗಿದರು, "ಅಡಕಿಯಷ್ಟಿತ್ತು!"

"ಮ್ಯಾಲ ಎರಡು ಕೂದಲಾ ಬ್ಯಾರೆ!"

ಸುವರ್ಣಾ ಹಿಂದೆ ಬೀಳುವವಳಲ್ಲ. "ಖರೇ ಹೇಳ್ತೇನ್ರಿ ಸಾಹೇಬ್ರ, ಬುತ್ತಿ ಉಣ್ಣೋ ಮುಂದ ಆ ಕಡಿ ನೋಡ್ಲಾಕ ಆಗ್ತಿದ್ದಿಲ್ಲ. ಪಾಪ, ಮನಸಿಗೆ ಹತ್ತಬಾರ್ದಂತ ಸುಮ್ನಿದ್ವಿ." ಈಗಷ್ಟೇ "ಯಾವ ಮಚ್ಚಿ" ಎಂದವಳ ಕಣ್ಣಲ್ಲಿ ನೀರು ಸಹ ಬಂತು.

ಅನುಸೂಯಾಬಾಯಿಗೆ ತನ್ನ ಬಚ್ಚಲಿನ ಮಾನ ಉಳಿಯುವ ದಾರಿ ಕಂಡಿತು. "ನಮ್ಮ ಮೊಮ್ಮಗಳು ಗುಡಿಯಾ ಉಣ್ಲಿಲ್ಲಂದ್ರ ಈಕಿನ್ನೇ ಕರೀತಿದ್ವಿರಿ. ಆ ಮಚ್ಚಿ ನೋಡಿ ಅಂಜಿ ಎರಡು ರೊಟ್ಟಿ ಜಾಸ್ತಿ ಉಣ್ತಿತ್ತು ಕೂಸು!"

ಜನ ತನ್ನ ಬೆನ್ನ ಹಿಂದೆ ಏನೇನು ಅನ್ನುತ್ತಿರಬಹುದೆಂದು ಬ್ಲೆಸ್ಸಿ ಇಷ್ಟು ವರ್ಷ ಊಹಿಸಿಕೊಂಡು ನೊಂದಿದ್ದಳೋ, ಅದೆಲ್ಲವನ್ನೂ ಈಗ ಅವಳ ಮುಖದೆದುರೇ, ಎರಡು ಕೂದಲು ಸೇರಿಸಿ, ಒಕ್ಕೊರಲಿನಿಂದ ಅಂದರು. ಸಂತೋಷಕುಮಾರ ಒಂದಕ್ಷರ ಬಿಡದೆ ರಿಜಿಸ್ಟರಿನಲ್ಲಿ ಬರೆದು, ಗಟ್ಟಿಯಾಗಿ ಓದಿ ಹೇಳಿ, ನಲವತ್ತು ಸಹಿ ಹಾಕಿಸಿಕೊಂಡರು.

ಹಲಗೆಯ ಮೇಲೆ '೩೬೫' ಉಳಿಯಿತು. ಟೆಂಪೋ ಬರಿದಾಗಿ ಹೋಯಿತು. ಮ್ಯಾನೇಜರು ಒಬ್ಬೊಬ್ಬರ ಹೆಸರು ಕರೆದು ಕುಕ್ಕರು ಕೊಡತೊಡಗಿದರು. "ಸುವರ್ಣಾ... ಮುಸರ್ರತ..." ಆಮೇಲೆ ತಲೆ ಎತ್ತಿ, ತುಂಬ ಪ್ರೀತಿಯಿಂದಲೇ ಕೇಳಿದರು:

"ಎಲ್ಲಿದ್ದಾಳ ನಮ್ಮ ಮಚ್ಚಿ ಬ್ಲೆಸ್ಸಿ?"

ನಲವತ್ತು ಬೆರಳು ಒಟ್ಟಿಗೆ ಅವಳ ಕಡೆ ತೋರಿದವು. ಬ್ಲೆಸ್ಸಿ ಎದ್ದು ಹೋಗಿ ಕುಕ್ಕರು ಇಸಿದುಕೊಂಡಳು.