ಸೊಪ್ಪಿನ ಸೂಪಿನ ಮಹಿಮೆ

"ಇವತ್ತಿನಿಂದ ಮುದ್ದೆ, ಅನ್ನ, ಬೆಲ್ಲ ಮೂರೂ ನನ್ನ ಬದ್ಧವೈರಿಗಳು!"

ಮಾಗಡಿಯ ಗಣಿತದ ಮೇಷ್ಟ್ರು ಅನಂತರಾಜು ತಟ್ಟೆಯ ಮುಂದೆ ಎದ್ದು ನಿಂತು ಸಾರಿದರು. ಮುದ್ದೆ ತಿರುವುತ್ತಿದ್ದ ಹೆಂಡತಿ ಪ್ರತಿಮಾ ತಿರುವುತ್ತಲೇ ಇದ್ದರು.

ಆವೇಶಕ್ಕೆ ಕಾರಣವಿತ್ತು. ಹೋದ ವರ್ಷ ಮಗಳು ಸಿರಿಯ ಜೊತೆ ಹತ್ತು ಕಿಲೋಮೀಟರ್ ಓಟಕ್ಕೆ ಹೋದ ಮೇಷ್ಟ್ರು, ಕಲ್ಯ ಊರಿನ ದಾರಿಯ ಏರಿನಲ್ಲಿ ಕುಸಿದು ಕೂತು, ಆಟೋದಲ್ಲಿ ಮನೆ ಸೇರಿದ್ದರು. ಸಿರಿಯೂ ಓಟ ಬಿಟ್ಟು, ಆಟೋದಲ್ಲಿ ಅಪ್ಪನ ಪಕ್ಕ ಕೂತು ಬಂದಿದ್ದಳು. ಅದು ಇನ್ನೂ ಚುಚ್ಚುತ್ತಿತ್ತು. ಈ ಸಲ ಅವಳ ಜೊತೆಯಲ್ಲೇ ಗೆರೆ ದಾಟಬೇಕು!

ದಿನಾ ಸಂಜೆ ಒಂದು ಲೋಟ ಸೊಪ್ಪಿನ ಸೂಪು ಕುಡಿದು ಮೇಷ್ಟ್ರು ಓಡತೊಡಗಿದರು. ಬಂದ ಮೇಲೆ ಸುಸ್ತಿಗೆ ಹತ್ತಕ್ಕೆ ಇಷ್ಟು ಎಂದು ಅಂಕ ಹೇಳುವರು; ಪ್ರತಿಮಾ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವರು.

"ಒಂಬತ್ತು! ಆ ಏರು ಬೆಳೆದುಬುಟ್ಟೈತೆ ಕಣೇ!"

"ಬೆಳಿಯಾಕೆ ಅದೇನು ಹಲಸಿನ ಮರವಾ?"

ಮಾರನೆಯ ಸಂಜೆ ಬಾಗಿಲಲ್ಲೇ ಜಯಘೋಷ. "ನಾಕೇ ನಾಕು! ಅದೇ ಏರು, ಅದೇ ಕಾಲು! ಮುದ್ದೆ ಬುಟ್ಟ ಮಹಿಮೆ ನೋಡು! ಅಂದಂಗೆ, ಸೂಪು ಒಸಿ ಸಿಹಿ ಇತ್ತಲ್ಲ?"

"ಸೊಪ್ಪು ಎಳೇದು ಕಣ್ರೀ."

ಒಂದು ದಿನ ಒಂಬತ್ತು, ಒಂದು ದಿನ ನಾಲ್ಕು. ಒಂಬತ್ತು ಬಂದಾಗ ಬಿಸಿಲನ್ನೂ ಬೂಟನ್ನೂ ಬೈದು, ನಾಲ್ಕು ಬಂದಾಗ ಶಾಲೆಯಲ್ಲೆಲ್ಲ ಉಪನ್ಯಾಸ ಕೊಟ್ಟರು.

ಓಟದ ಬೆಳಗ್ಗೆ ಉತ್ಸಾಹ ಉಕ್ಕಿತು. "ಸೂಪೂ ಬ್ಯಾಡ. ವೀರನಿಗೆ ನೀರೇ ಸಾಕು!"

ರಾಗಿ ಹೊಲಗಳ ಮೇಲೆ ಮಂಜು ಕರಗುತ್ತಿತ್ತು. ಏರು ಎದುರಾದದ್ದೇ ಮೇಷ್ಟ್ರ ಕಾಲು ಬೀಸುವ ಕಲ್ಲಾದವು.

"ಅಪ್ಪಾ, ಎಷ್ಟು?"

"ಹತ್ತಕ್ಕೆ... ಹನ್ನೊಂದು!"

ಸಿರಿ ನಿಧಾನಿಸಿದಳು. ಅವಳ ಕಣ್ಣು ಆಟೋ ಹುಡುಕತೊಡಗಿತು. ಅಷ್ಟರಲ್ಲಿ ಹುಣಸೆಮರದ ನೆರಳಲ್ಲಿ ಸ್ಕೂಟರು, ಅದರ ಪಕ್ಕ ಫ್ಲಾಸ್ಕು ಹಿಡಿದ ಪ್ರತಿಮಾ!

"ವೀರರು ಒಸಿ ಕುಡೀರಿ."

ಎರಡು ಗುಟುಕು ಸಿಹಿಸಿಹಿ ಸೂಪು ಇಳಿಯಿತು. ಹನ್ನೊಂದು ಎಂಟಾಯಿತು, ಎಂಟು ಆರಾಯಿತು. ಅಪ್ಪ ಮಗಳು ಕೈ ಹಿಡಿದು ಗೆರೆ ದಾಟಿದರು.

ಮನೆಗೆ ಬಂದವರೇ ಮೇಷ್ಟ್ರು ಕ್ಯಾಲೆಂಡರು ಇಳಿಸಿದರು. "ನೋಡು ಸಿರಿ, ನಿಮ್ಮಪ್ಪನ ಸಾಧನೆ!"

"ಅಪ್ಪಾ, ನಾಕು ಬಂದ ದಿನ ಎಲ್ಲಾ ಒಂದೊಂದು ಚುಕ್ಕಿ ಐತೆ. ಒಂಬತ್ತು ಬಂದ ದಿನ ಇಲ್ಲ."

"ಏನೇ ಇದು ಚುಕ್ಕಿ?"

"ಸೂಪಿಗೆ ರಾಗಿಹಿಟ್ಟು, ಬೆಲ್ಲ ಕಲಸಿದ ದಿನ," ಎಂದರು ಪ್ರತಿಮಾ. "ಮಿಕ್ಕ ದಿನ ನೀವು ಹೇಳ್ದಂಗೆ ಬರೀ ಸೊಪ್ಪು. ಲೆಕ್ಕದ ಮೇಷ್ಟ್ರಲ್ವಾ, ಮೂರ್ದಿನಕ್ಕೇ ಹಿಡಿದುಬುಡ್ತೀರ ಅನ್ಕೊಂಡಿದ್ದೆ!"

ಮೇಷ್ಟ್ರು ಕೂತು ತಟ್ಟೆ ಎಳೆದುಕೊಂಡರು.

"ಮುದ್ದೆ ಒಂದಾ, ಎರಡಾ?"

"ನೀನೇ ಲೆಕ್ಕ ಹಾಕಿ ಇಕ್ಕು ಕಣೇ. ನಂಗೆ ಲೆಕ್ಕ ಬರಾಕಿಲ್ಲ."